ಐಸ್‌ಕ್ರೀಮ್ ಡಬ್ಬಿಯಲ್ಲಿ ಏನಿದೆ?

ನಿಮ್ಮಲ್ಲಿ ಬಹಳ ಜನರಿಗೆ ಈ ಅನುಭವ ಆಗಿರುತ್ತದೆ. ಚಿಕ್ಕವರಿದ್ದಾಗ ಫ್ರೀಜರ್ ಬಾಗಿಲು ತೆಗೆದಿರಿ, ವೆನಿಲ್ಲಾ ಐಸ್‌ಕ್ರೀಮಿನ ದೊಡ್ಡ ಡಬ್ಬಿ ಕಂಡಿತು. ಖುಷಿಯಿಂದ ಮುಚ್ಚಳ ತೆಗೆದರೆ ಒಳಗೆ ತೆಂಗಿನತುರಿ. ಡೇನಿಶ್ ಬಿಸ್ಕತ್ತಿನ ನೀಲಿ ಡಬ್ಬಿ ಅಲ್ಲಾಡಿಸಿದರೆ ಬಿಸ್ಕತ್ತಿನ ಸದ್ದಲ್ಲ, ಸೂಜಿ, ದಾರದುಂಡೆ, ಗುಂಡಿಗಳ ಸದ್ದು. ನುಟೆಲ್ಲಾ ಬಾಟಲಿಯಲ್ಲಿ ಹುಣಸೆಹಣ್ಣು. ನಿಮ್ಮ ಜರ್ಮನ್ ಸ್ನೇಹಿತರು ಮನೆಗೆ ಬಂದಾಗ ಇದನ್ನೆಲ್ಲ ನೋಡಿ ನಗುತ್ತಾರೇನೋ ಅಂತ ನಾಚಿಕೊಂಡವರೂ ಇದ್ದೀರಿ. ನನ್ನ ಮಗಳು ಹಾಗೆ ನಾಚಿಕೊಂಡವಳೇ. ಅವಳಿಗೆ ಹದಿಮೂರು ಹದಿನಾಲ್ಕು ವರ್ಷ ಇದ್ದಾಗ ಗೆಳತಿಯರು ಬರುವ ದಿನ ಅಡುಗೆಮನೆಯ ಬಾಗಿಲು ಹಾಕಿಬಿಡುತ್ತಿದ್ದಳು.

ಅದೇ ಮಗಳು ಈಗ ಆಖೆನ್‌ನಲ್ಲಿ ಓದುತ್ತಿದ್ದಾಳೆ. ಮೂವರ ಜೊತೆ ಒಂದು ವೇಗೇಯಲ್ಲಿ ವಾಸ, ಅವಳ ಪಾಲಿಗೆ ಹನ್ನೆರಡು ಚದರ ಮೀಟರಿನ ಕೋಣೆ, ಅಡುಗೆಮನೆಯಲ್ಲಿ ಒಂದೇ ಒಂದು ಷೆಲ್ಫು. ಹೋದ ಎರಡನೇ ವಾರ ಫೋನು ಮಾಡಿ ಕೇಳಿದಳು: "ಅಮ್ಮ, ಆ ಖಾಲಿ ಬಾಟಲಿಗಳನ್ನೆಲ್ಲ ಎಸೆದುಬಿಟ್ಟೆಯಾ?"

ಎಸೆದಿರಲಿಲ್ಲ, ಬಿಡಿ. ಕೆಲ್ಲರಿನಲ್ಲಿ ಎರಡು ಪೆಟ್ಟಿಗೆ ತುಂಬ ಇದ್ದವು. ಅಕ್ಟೋಬರಿನಲ್ಲಿ ಸೆಮಿಸ್ಟರ್ ಶುರುವಾಗಿ ನಿಮ್ಮಲ್ಲಿ ಎಷ್ಟೋ ಜನ ಹೀಗೆ ಮೊದಲ ಸಲ ಸ್ವಂತ ಕೋಣೆ ಮಾಡಿಕೊಂಡಿದ್ದೀರಿ. ಅದಕ್ಕೇ ಇವತ್ತು ಬಾಟಲಿ, ಡಬ್ಬಿ, ಪೆಟ್ಟಿಗೆಗಳ ವಿಷಯ ಮಾತಾಡೋಣ ಅಂತ ಬಂದೆ. ಇದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿದೆ. ಅದನ್ನು ಹೇಳದೆ ಹೋದರೆ ಮಿಕ್ಕ ಉಪಾಯಗಳನ್ನು ಹೇಳುವ ಹಕ್ಕು ನನಗಿಲ್ಲ.

ಮೊದಲು, ನಿಮ್ಮ ಅಪ್ಪ ಅಮ್ಮ ಯಾಕೆ ಹೀಗೆ ಅಂತ ಒಂದು ಮಾತು. "ಇಂಡಿಯಾದವರು ಏನನ್ನೂ ಎಸೆಯುವುದಿಲ್ಲ" ಅಂತ ನೀವು ತಮಾಷೆ ಮಾಡುತ್ತೀರಿ. ನಿಜವೇ. ನಾನು ಬೆಳೆದ ಮನೆಯಲ್ಲಿ ಡಾಲ್ಡಾ ಡಬ್ಬಿಯಲ್ಲಿ ತುಳಸಿ ಗಿಡ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಸೀಮೆಎಣ್ಣೆಯ ಚೌಕದ ಡಬ್ಬವನ್ನು ತೊಳೆದು ಒಣಗಿಸಿ ಅದರಲ್ಲಿ ಹಪ್ಪಳ ಸಂಡಿಗೆ. ಹಳೆಯ ಸೀರೆಗಳು ಉತ್ತರ ಕರ್ನಾಟಕದ ಕಡೆ ಕೌದಿಯಾಗುತ್ತಿದ್ದವು, ನಮ್ಮ ಮಲೆನಾಡಿನ ಕಡೆ ಕಾಲೊರಸು ಆಗುತ್ತಿದ್ದವು. ಇಷ್ಟಾದ ಮೇಲೂ ಉಳಿದ ಬಟ್ಟೆಗೆ ಪಾತ್ರೆಯವಳು ಬಂದು ಒಂದು ಸ್ಟೀಲ್ ಬಟ್ಟಲು ಕೊಟ್ಟು ಹೋಗುತ್ತಿದ್ದಳು.

ಆದರೆ ಜರ್ಮನಿಗೆ ಬಂದವರ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ, ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. 2000ದ ಆಗಸ್ಟ್‌ನಲ್ಲಿ ಈ ದೇಶ ಕಂಪ್ಯೂಟರ್ ಕೆಲಸದವರಿಗಾಗಿ "ಗ್ರೀನ್ ಕಾರ್ಡ್" ಶುರು ಮಾಡಿತು. ಹೆಸರು ಅಮೆರಿಕದ್ದು, ಆದರೆ ಅದು ಕೊಡುತ್ತಿದ್ದದ್ದು ಹೆಚ್ಚೆಂದರೆ ಐದು ವರ್ಷದ ಪರವಾನಗಿ. ನನ್ನ ಯಜಮಾನರು ಬಂದದ್ದು ಅದರಲ್ಲಿ. 2001ರ ನವೆಂಬರಿನಲ್ಲಿ ನಾನು ಸ್ಟುಟ್‌ಗಾರ್ಟ್‌ಗೆ ಬಂದಾಗ ನಮಗೆ ಸಿಕ್ಕ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಗೋಡೆಯಿಂದ ಹೊರಬಂದ ಒಂದು ನಲ್ಲಿ, ಒಲೆಗೆಂದು ಬಿಟ್ಟ ಒಂದು ವೈರು, ಅಷ್ಟೇ. ಸಿಂಕಿಲ್ಲ, ಒಲೆಯಿಲ್ಲ, ಕಪಾಟಿಲ್ಲ. ಇಲ್ಲಿ ಅದೇ ರೂಢಿ ಅಂತ ನಿಮಗೆ ಗೊತ್ತು, ನಮಗೆ ಗೊತ್ತಿರಲಿಲ್ಲ. "ನಲ್ಲಿ ಮಾತ್ರ ಬಿಟ್ಟು ಎಲ್ಲಾ ಕಿತ್ತುಕೊಂಡು ಹೋಗಿದ್ದಾರಲ್ಲ!" ಅಂತ ನಾನು ಬಾಯಿ ತೆರೆದು ನಿಂತಿದ್ದೆ.

ಐದು ವರ್ಷಕ್ಕಾಗಿ ಕಪಾಟು ಕೊಳ್ಳುವುದು ಯಾಕೆ? ನಾಳೆ ವಾಪಸ್ ಹೋಗುವಾಗ ಅದನ್ನೇನು ಹೊತ್ತುಕೊಂಡು ಹೋಗುತ್ತೇವೆಯೇ? ಹೀಗೆ ಯೋಚಿಸಿ ಯಾವುದನ್ನೂ ಕೊಳ್ಳಲಿಲ್ಲ. ತುರ್ಕಿ ಅಂಗಡಿಯವರು ಕಿತ್ತಳೆ ಬಂದ ಮರದ ಪೆಟ್ಟಿಗೆಗಳನ್ನು ಹೊರಗಿಡುತ್ತಿದ್ದರು. ಕೇಳಿ ನಾಲ್ಕು ತಂದು, ಒಂದರ ಮೇಲೊಂದು ಅಡ್ಡ ಮಲಗಿಸಿ ಹಗ್ಗದಲ್ಲಿ ಬಿಗಿದೆವು. ಅದು ನಮ್ಮ ಮೊದಲ ಷೆಲ್ಫು. ಅದರೊಳಗೆ ಸೌತೆಕಾಯಿ ಉಪ್ಪಿನಕಾಯಿಯ ಬಾಟಲಿ, ಜಾಮ್ ಬಾಟಲಿಗಳಲ್ಲಿ ಬೇಳೆ ಕಾಳು. 2005ರಲ್ಲಿ ಹೊಸ ಕಾನೂನು ಬಂತು, ಇಲ್ಲೇ ಉಳಿಯುವ ದಾರಿ ತೆರೆಯಿತು, ಕಪಾಟೂ ಬಂತು. ಬಾಟಲಿಗಳು ಮಾತ್ರ ಹಾಗೇ ಉಳಿದವು.

ಈಗ ತಪ್ಪಿನ ಕಥೆ.

2009ರ ಬೇಸಿಗೆಯಲ್ಲಿ ನನ್ನ ಅತ್ತೆ ತೀರ್ಥಹಳ್ಳಿಯಿಂದ 90 ದಿನದ ವೀಸಾದಲ್ಲಿ ಬಂದಿದ್ದರು. ಮಗಳಿಗೆ ಆಗ ಆರು ವರ್ಷ. ಅಜ್ಜಿ ಮೊಮ್ಮಗಳು ದಿನವಿಡೀ ಅಡುಗೆಮನೆಯಲ್ಲೇ. ಅವಳಿಗೆ ಸ್ಟೂಲಿನ ಮೇಲೆ ನಿಂತು ಹಿಟ್ಟಿಗೆ ಬೆರಳು ಅದ್ದಿ ನೆಕ್ಕುವ ಅಭ್ಯಾಸ. ಇಡ್ಲಿ ಹಿಟ್ಟು, ಚಪಾತಿ ಹಿಟ್ಟು, ಕೇಕಿನ ಹಿಟ್ಟು, ಯಾವುದಾದರೂ ಸರಿ.

ನಾನು ಆ ಹೊತ್ತಿಗೆ ಡಬ್ಬಿ ಜೋಡಿಸುವುದರಲ್ಲಿ ಸ್ವಲ್ಪ ಜಂಬದವಳಾಗಿದ್ದೆ. ಎಲ್ಲವೂ ಒಂದೇ ಅಳತೆಯ ಜಾಮ್ ಬಾಟಲಿ, ಒಂದೇ ಬಣ್ಣದ ಮುಚ್ಚಳ, ಸಾಲಾಗಿ ಸಿಪಾಯಿಗಳ ಹಾಗೆ. ಬಾಟಲಿಗಳ ಅಂಟು ಚೀಟಿ ಬಿಡಿಸಲು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸುತ್ತಿದ್ದೆ. ಕಾಗದದ ಪೊಟ್ಟಣದಲ್ಲಿ ಅದು ತೇವಕ್ಕೆ ಗಂಟು ಕಟ್ಟುತ್ತದೆಂದು ಅದನ್ನೂ ಒಂದು ಜಾಮ್ ಬಾಟಲಿಗೆ ಸುರಿದು, ಪೊಟ್ಟಣದ ಮೇಲಿದ್ದ ಹೆಸರನ್ನೇ ಜರ್ಮನ್‌ನಲ್ಲಿ ನೀಟಾಗಿ ಬರೆದು ಅಂಟಿಸಿದೆ: "ಸೋಡಾ". ಪಕ್ಕದ ಬಾಟಲಿಯಲ್ಲಿ ಅಡುಗೆ ಸೋಡಾ. ಅದರ ಮೇಲೂ ಪೊಟ್ಟಣದಲ್ಲಿದ್ದಂತೆಯೇ: "ನಾಟ್ರೋನ್".

ಎಲ್ಲಿ ಎಡವಿದೆ ಅಂತ ನಿಮಗೆ ಈಗಲೇ ಗೊತ್ತಾಗಿರಬೇಕು. ಜರ್ಮನ್‌ನಲ್ಲಿ ನಾಟ್ರೋನ್ ಅಂದರೆ ಸೋಡಿಯಂ ಬೈಕಾರ್ಬೊನೇಟ್, ತಿನ್ನುವಂಥದ್ದು. ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್, ಬಟ್ಟೆ ಒಗೆಯುವ ಖಾರ. ಅದು ಕಣ್ಣಿಗೆ ಬಿದ್ದರೆ ಉರಿ, ಬಾಯಿಗೆ ಹೋದರೆ ನಾಲಿಗೆ ಗಂಟಲು ಸುಡುತ್ತದೆ. ಆದರೆ ಕನ್ನಡದ ಅಡುಗೆಮನೆಯಲ್ಲಿ ಸೋಡಾ ಅಂದರೆ ಯಾವುದು? ಬೋಂಡಕ್ಕೆ ಚಿಟಿಕೆ ಹಾಕುವ ಸೋಡಾ. ಅತ್ತೆಗೆ ಜರ್ಮನ್ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು. ಎಸ್ಸು, ಓ, ಡೀ, ಎ. ಸರಿಯಾಗಿಯೇ ಓದಿದರು!

ಆ ದಿನ ಸಂಜೆ ಮಳೆ. ಬಾಳೆಕಾಯಿ ಬಜ್ಜಿ ಮಾಡೋಣ ಅಂತ ಕಡಲೆಹಿಟ್ಟು, ಉಪ್ಪು, ಓಂಕಾಳು, ಅರಿಶಿನ ಹಾಕಿ, ಆ ಬಾಟಲಿಯಿಂದ "ಸೋಡಾ" ಹಾಕಿ ನೀರು ಬಿಟ್ಟರು. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅತ್ತೆಯ ದನಿ ಕೇಳಿತು: "ಇದೇನೇ ಮಾರಾಯ್ತಿ, ಹಿಟ್ಟು ಆರತಿ ನೀರಿನ ಹಾಗೆ ಕೆಂಪಾಯ್ತಲ್ಲ!"

ಆರತಿ ನೀರು ನೀವೂ ನೋಡಿರುತ್ತೀರಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅರಿಶಿನದ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಖಾರದ ಜೊತೆ ಸೇರಿದಾಗ ಕೆಂಪಾಗುವ ವಸ್ತು. ನೀವು ಶಾಲೆಯಲ್ಲಿ ಲಿಟ್ಮಸ್ ಕಾಗದ ಅದ್ದಿದ್ದೀರಲ್ಲ, ಅದೇ ಕೆಲಸ. ವಾಷಿಂಗ್ ಸೋಡಾ ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣವಾದ ಖಾರ, ಅದಕ್ಕೇ ಬಣ್ಣ ಹಾಗೆ ತಿರುಗಿತು. ಅತ್ತೆಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೆ ಐವತ್ತು ವರ್ಷ ಆರತಿ ತಟ್ಟೆ ಕಲೆಸಿದ ಕೈ ಅದು, "ಇದರಲ್ಲಿ ಸುಣ್ಣದಂಥದ್ದು ಏನೋ ಬಿದ್ದಿದೆ" ಅಂತ ತಕ್ಷಣ ಹೇಳಿತು. ಸ್ಟೂಲಿನ ಮೇಲಿದ್ದವಳ ಬೆರಳು ಬಟ್ಟಲಿನ ಅಂಚಿನಲ್ಲಿತ್ತು. ಅತ್ತೆ ಆ ಕೈ ಹಿಡಿದುಕೊಂಡೇ ನನ್ನನ್ನು ಕೂಗಿದ್ದು.

ಖಾರದ ಪುಡಿ ಮೊದಲೇ ಹಾಕಿದ್ದರೆ? ಹಿಟ್ಟು ಹೇಗೂ ಕೆಂಪಗೇ ಇರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಆ ರಾತ್ರಿ ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನಗೆ ಓದೋಕೆ ಬರುವ ಹಾಗೆ ಬರೆದಿದ್ದರೆ ಸಾಕಿತ್ತು ಕಣೇ" ಅಂದರು, ಅಷ್ಟೇ.

ನಾನು ಹೇಳಬೇಕೆಂದು ಬಂದದ್ದು ಇದೇ ವಿಷಯ. ಒಂದು ಬಾಟಲಿಯ ಹಳೆಯ ಚೀಟಿ ಕಿತ್ತು ಬೇರೆ ವಸ್ತು ತುಂಬಿದ ಕ್ಷಣದಿಂದ ಆ ಚೀಟಿ ಮಾಡುತ್ತಿದ್ದ ಕೆಲಸ ನಿಮ್ಮ ತಲೆಗೆ ಬಂತು. ಒಳಗೇನಿದೆ, ಯಾವಾಗಿನದು, ತಿನ್ನುವುದೋ ಅಲ್ಲವೋ, ಇಷ್ಟನ್ನೂ ಕಂಪನಿ ಹೇಳುತ್ತಿತ್ತು. ಇನ್ನು ನೀವು ಹೇಳಬೇಕು. ಅದೂ ನಿಮಗೆ ಅರ್ಥವಾಗುವ ಹಾಗಲ್ಲ, ಆ ಅಡುಗೆಮನೆಗೆ ಕಾಲಿಡುವ ಎಲ್ಲರಿಗೂ ಅರ್ಥವಾಗುವ ಹಾಗೆ. ಇಂಟರ್ನೆಟ್ಟಿನ ಚಿತ್ರಗಳಲ್ಲಿ ಚೀಟಿಯೇ ಇಲ್ಲದ ಬಾಟಲಿಗಳ ಸಾಲು ಎಷ್ಟು ಚಂದ ಕಾಣುತ್ತದೆ! ಆ ಚಂದದ ಮೇಲೆ ನನಗೆ ಸಿಟ್ಟಿದೆ. ಮೈದಾ, ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್, ಸಕ್ಕರೆಪುಡಿ ನಾಲ್ಕೂ ಬೆಳ್ಳಗೇ ಇರುತ್ತವೆ ಸ್ವಾಮಿ.

ಆದ್ದರಿಂದ ಮೊದಲನೆಯದಾಗಿ, ತೊಳೆಯುವ ಪುಡಿ, ನೀರಿನ ಕೆಟಲ್ ಕರೆ ತೆಗೆಯುವ ಸಿಟ್ರಿಕ್ ಆಸಿಡ್, ಬಾತ್‌ರೂಮಿನ ದ್ರವ, ಯಾವುದನ್ನೂ ತಿನ್ನುವ ವಸ್ತುವಿನ ಬಾಟಲಿಗೆ ಹಾಕಬೇಡಿ. ಚೀಟಿ ಅಂಟಿಸಿದರೂ ಬೇಡ. ಅವು ತಂದ ಪೊಟ್ಟಣದಲ್ಲೇ ಇರಲಿ. ತೇವ ಆಗುತ್ತದೆಂದರೆ ಪೊಟ್ಟಣ ಸಮೇತ ಇನ್ನೊಂದು ಡಬ್ಬಿಯೊಳಗೆ ಇಟ್ಟು, ಅಡುಗೆಮನೆಯ ಹೊರಗೆ ಇಡಿ. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ಗಂಟಲು ಎರಡನೇ ಸಲ ಸುಡುತ್ತದೆ. ವಿಷದ ಮಾಹಿತಿ ಕೇಂದ್ರಕ್ಕೆ ಫೋನು ಮಾಡಿ. ನಿಮ್ಮ ರಾಜ್ಯದ ನಂಬರನ್ನು ಇವತ್ತೇ ಹುಡುಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಉಸಿರಾಟಕ್ಕೆ ತೊಂದರೆ ಅಂದರೆ ನೇರವಾಗಿ 112.

ಚೀಟಿಗೆ ನಾನು ಬಳಸುವುದು ಗೋಡೆಗೆ ಬಣ್ಣ ಬಳಿಯುವವರ ಕಾಗದದ ಟೇಪು. ಹರಿದು ಅಂಟಿಸಬಹುದು, ಪೆನ್ನಿನಲ್ಲಿ ಬರೆಯಬಹುದು, ಕಿತ್ತರೆ ಅಂಟು ಉಳಿಯುವುದಿಲ್ಲ. ಬಾಟಲಿಯ ಮೈಮೇಲೆ ಅಂಟಿಸಿ, ಮುಚ್ಚಳದ ಮೇಲೆ ಬೇಡ. ಒಂದೇ ಅಳತೆಯ ಹತ್ತು ಮುಚ್ಚಳ ತೊಳೆದು ಒಣಗಿಸಿ ವಾಪಸ್ ಹಾಕುವಾಗ ಯಾವುದು ಯಾವುದಕ್ಕೆ ಹೋಗುತ್ತದೋ ದೇವರೇ ಬಲ್ಲ. ಹೆಸರಿನ ಕೆಳಗೆ ತುಂಬಿದ ತಾರೀಖು ಇರಲಿ. ಪೊಟ್ಟಣದಲ್ಲಿ ಬೇಯಿಸುವ ವಿಧಾನ ಇದ್ದರೆ ಆ ಭಾಗ ಕತ್ತರಿಸಿ ಬಾಟಲಿಯೊಳಗೇ ಹಾಕಿ.

ಹೆಸರನ್ನು ಎರಡೂ ಲಿಪಿಯಲ್ಲಿ ಬರೆಯಿರಿ. ಬರೀ ಜರ್ಮನ್ ಹೆಸರಿನಿಂದ ಆಗುವ ಎಡವಟ್ಟು ಸೋಡಾದಲ್ಲಿ ಮಾತ್ರ ಅಲ್ಲ. ಕ್ಯುಮ್ಮೆಲ್ ಅಂತ ತಂದು ಸಾರಿಗೆ ಒಗ್ಗರಣೆ ಹಾಕಿ, "ಅಮ್ಮ ಮಾಡಿದ ಹಾಗೆ ಯಾಕೆ ಬರುತ್ತಿಲ್ಲ" ಅಂತ ತಲೆ ಕೆಡಿಸಿಕೊಂಡವರು ಎಷ್ಟು ಜನ! ಅದು ಜೀರಿಗೆ ಅಲ್ಲ, ಜೀರಿಗೆಯ ಹಾಗೆ ಕಾಣುವ, ಇಲ್ಲಿನವರು ಬ್ರೆಡ್ಡಿಗೆ ಹಾಕುವ ಬೇರೆ ಕಾಳು. ನಮ್ಮದು ಕ್ರೊಯಿತ್ಸ್‌ಕ್ಯುಮ್ಮೆಲ್. ರವೆಯೂ ಹಾಗೆಯೇ. ಮೃದು ಗೋಧಿಯ ಗ್ರೀಸ್‌ನಲ್ಲಿ ಉಪ್ಪಿಟ್ಟು ಮಾಡಿದರೆ ಅಂಟಂಟು ಮುದ್ದೆ, ಗಟ್ಟಿ ಗೋಧಿಯದಾದರೆ ಉದುರುದುರು. ಬಾಟಲಿಗೆ ಸುರಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಸೋಡಾ ಪ್ರಕರಣ ಆದ ಮಾರನೇ ದಿನವೇ ಅಜ್ಜಿ ಮೊಮ್ಮಗಳು ಚೀಟಿ ಬರೆಯಲು ಕೂತರು. ಅಜ್ಜಿ ಕನ್ನಡದಲ್ಲಿ ಬರೆದು ತೋರಿಸುವುದು, ಅವಳು ನೋಡಿಕೊಂಡು ದೊಡ್ಡ ಅಕ್ಷರದಲ್ಲಿ ತಿದ್ದುವುದು, ಕೆಳಗೆ ಅವಳ ಶಾಲೆಯ ಅಕ್ಷರದಲ್ಲಿ ಜರ್ಮನ್. ಕನ್ನಡ ಕಲಿಯೇ ಅಂತ ನಾನು ಪುಸ್ತಕ ಹಿಡಿದು ಹಿಂದೆ ಓಡಿದಾಗ ಬಾರದ ಒತ್ತಕ್ಷರ ಅಕ್ಕಿ, ಕೊತ್ತಂಬರಿ, ಉದ್ದಿನಬೇಳೆಯಲ್ಲಿ ಬಂತು. ಸೊನ್ನೆ ಯಾಕೆ ಅಂತ ಮೆಂತ್ಯದಲ್ಲಿ ಗೊತ್ತಾಯಿತು, ಇಂಗಿನಲ್ಲಿ ಖಾತ್ರಿಯಾಯಿತು. ವಾಷಿಂಗ್ ಸೋಡಾದ ಪೊಟ್ಟಣಕ್ಕೆ ಅವಳೇ ಸ್ವಂತವಾಗಿ ಬರೆದಳು: "ತಿನಬಾರದು". ಒಂದು ಒತ್ತು ತಪ್ಪಿದೆ. ತಿದ್ದಬೇಡ ಅಂದರು ಅತ್ತೆ.

ಇನ್ನು ಯಾವ ಬಾಟಲಿ ಉಳಿಸಬೇಕು ಅನ್ನುವುದರಲ್ಲಿ ನನಗೂ ಮಗಳಿಗೂ ದೊಡ್ಡ ಜಗಳವೇ ಆಯಿತು, ಗೆದ್ದವಳು ಅವಳು. ನನಗೆ ಮೊಸರಿನ ಗಾಜಿನ ಬಾಟಲಿ ಅಂದರೆ ಪ್ರಾಣ. ಅಗಲ ಬಾಯಿ, ಚಮಚ ಹಿಡಿಸುತ್ತದೆ, ಅರ್ಧ ಕೆಜಿ ಬೇಳೆಗೆ ಸರಿ. ಆದರೆ ಅದಕ್ಕೆ 15 ಸೆಂಟ್ ಫಾಂಡ್ ಇದೆ. "ಅಮ್ಮ, ಅದು ಡೈರಿಗೆ ವಾಪಸ್ ಹೋಗಿ ತೊಳೆದು ಮತ್ತೆ ಮೊಸರು ತುಂಬಿಕೊಂಡು ಬರಬೇಕಾದ ಬಾಟಲಿ. ನೀನು ನಲವತ್ತು ಬಾಟಲಿ ಹಿಡಿದಿಟ್ಟುಕೊಂಡರೆ ಅವರು ಹೊಸದಾಗಿ ನಲವತ್ತು ಮಾಡಿಸಬೇಕು. ಇದು ಉಳಿತಾಯ ಅಲ್ಲ" ಅಂದಳು. ಯೋಚಿಸಿದರೆ ನಿಜ. ಮೊಸರು, ಹಾಲಿನ ಫಾಂಡ್ ಬಾಟಲಿಗಳನ್ನು ವಾಪಸ್ ಕೊಡಿ. ಜಾಮ್, ಸೌತೆಕಾಯಿ, ಸಾಸಿವೆ, ಟೊಮ್ಯಾಟೊ ಸಾಸ್‌ನಂಥವು ಸಾಮಾನ್ಯವಾಗಿ ಫಾಂಡ್ ಇಲ್ಲದವು. ಬೀದಿಯ ಗಾಜಿನ ತೊಟ್ಟಿಗೆ ಬಿದ್ದರೆ ಒಡೆದು ಕರಗಿಸುವುದೇ ಗತಿ. ಅವುಗಳನ್ನು ಉಳಿಸಿ.

ಸೌತೆಕಾಯಿ ಬಾಟಲಿಯ ವಿನೆಗರ್ ವಾಸನೆ ಗಾಜಿನಲ್ಲಿ ನಿಲ್ಲುವುದಿಲ್ಲ, ಮುಚ್ಚಳದ ಒಳಗಿನ ಮೆತ್ತನೆಯ ಪದರದಲ್ಲಿ ನಿಲ್ಲುತ್ತದೆ. ನಾಟ್ರೋನ್ ಹಾಕಿದ ನೀರಲ್ಲಿ ರಾತ್ರಿ ನೆನೆಸಿ ಬಿಸಿಲಿಗಿಡಿ. ಹೋಗದಿದ್ದರೆ ಮುಚ್ಚಳವಷ್ಟೇ ಹೊಸದು ತನ್ನಿ. ಇಲ್ಲಿ ತಿರುಗಿಸುವ ಮುಚ್ಚಳಗಳನ್ನು ಬೇರೆಯಾಗಿ ಮಾರುತ್ತಾರೆ, 63, 66, 82 ಮಿಲಿಮೀಟರ್ ಸಾಮಾನ್ಯ ಅಳತೆಗಳು. ಅಳೆದುಕೊಂಡು ಹೋಗಿ. ಅಂಟು ಬಿಡದಿದ್ದರೆ ಅಡುಗೆ ಎಣ್ಣೆಗೆ ಅಡುಗೆ ಸೋಡಾ ಕಲೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಯಾವ ಸೋಡಾ ಅಂತ ಮತ್ತೆ ಹೇಳಬೇಕಿಲ್ಲ ತಾನೇ?

ಈ ಗಾಜು ಒಲೆಗೆ ಮಾಡಿದ್ದಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಬಾಟಲಿಗೆ ಕುದಿಯುವ ಗೊಜ್ಜು ಸುರಿದರೆ ಫಟ್ಟಂತ ಸೀಳುತ್ತದೆ. ಫ್ರೀಜರಿನಲ್ಲಿ ಇಡುವುದಾದರೆ ಭುಜ ಇಲ್ಲದ ನೇರ ಬಾಟಲಿ ಆರಿಸಿ, ಮೇಲೆ ಎರಡು ಬೆರಳು ಜಾಗ ಬಿಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ದೋಸೆ ಹಿಟ್ಟು ಹುದುಗಲು ಬಾಟಲಿಯಲ್ಲಿಟ್ಟರೆ ಅರ್ಧವೇ ತುಂಬಿ, ಮುಚ್ಚಳ ಬಿಗಿಯಬೇಡಿ, ಸುಮ್ಮನೆ ಮೇಲಿಡಿ. ನನ್ನ ಮಗಳು ಬಿಗಿದಿಟ್ಟು ಮಲಗಿದ್ದಳು. ಬೆಳಿಗ್ಗೆ ತೆಗೆದಾಗ ಹಿಟ್ಟು ಚಾವಣಿ ನೋಡಿಕೊಂಡು ಬಂತು. ವೇಗೇಯ ಮಿಕ್ಕವರಿಗೆ ಕನ್ನಡದ ಮೊದಲ ಪರಿಚಯ ಅವತ್ತಿನ ಬೈಗುಳದಿಂದ.

ಪ್ಲಾಸ್ಟಿಕ್ ಐಸ್‌ಕ್ರೀಮ್ ಡಬ್ಬಿಯ ವಿಷಯಕ್ಕೆ ಬಂದರೆ, ನಾನದನ್ನು ತಣ್ಣಗಿನದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಬಿಸಿ ಸಾಂಬಾರು ಹಾಕುವುದಿಲ್ಲ, ಮೈಕ್ರೋವೇವಿನಲ್ಲಿ ಇಡುವುದಿಲ್ಲ. ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ, 5 ಇದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆಯುವ ಜಾತಿ. 1 ಮತ್ತು 6 ಬಿಸಿಗೆ ಬೇಡವೇ ಬೇಡ. ಮೈ ತುಂಬ ಗೀರು ಬಿದ್ದ ಮೇಲೆ ಯಾವುದಾದರೂ ಸರಿ, ಅಡುಗೆಮನೆಯಿಂದ ಬಡ್ತಿ ಕೊಟ್ಟು ಸ್ಕ್ರೂ ಮೊಳೆಗೆ, ಚಾರ್ಜರ್ ವೈರಿಗೆ ಕಳಿಸಿ. ಅರಿಶಿನದ ಕಲೆಗೆ ಹೆದರಬೇಡಿ. ಅದು ಸೋಪಿಗೆ ಜಗ್ಗುವುದಿಲ್ಲ, ಬೆಳಕಿಗೆ ಸೋಲುತ್ತದೆ. ತೊಳೆದು ಎರಡು ದಿನ ಬಿಸಿಲಿನ ಕಿಟಕಿಯಲ್ಲಿಡಿ. ನವೆಂಬರಿನಲ್ಲಿ ಕಲೆಯಾದರೆ ಏಪ್ರಿಲ್‌ವರೆಗೆ ಕಾಯಬೇಕು, ಅದು ಬೇರೆ ಮಾತು.

ಗಾಜಿನ ಪರವಾಗಿ ಇನ್ನೊಂದು ದೊಡ್ಡ ಕಾರಣ ಹುಳು. ಅಡುಗೆಮನೆಯಲ್ಲಿ ಸಂಜೆ ಹಾರಾಡುವ ಚಿಕ್ಕ ಕಂದು ಪತಂಗ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಇಂಡಿಯನ್ ಮೀಲ್ ಮಾತ್ ಅಂತ ಹೆಸರು. ವೇಗೇಯಲ್ಲಿ ಯಾರಾದರೂ "ಇದು ನಿಮ್ಮ ದೇಶದ ಬೇಳೆಯ ಜೊತೆ ಬಂತು" ಅಂದರೆ ಒಪ್ಪಿಕೊಳ್ಳಬೇಡಿ. ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಹಿಂದೆ ಇಂಡಿಯನ್ ಮೀಲ್ ಅನ್ನುತ್ತಿದ್ದರು, ಅದರಿಂದ ಬಂದ ಹೆಸರು. ಇದರ ಮರಿಹುಳು ಕಾಗದ, ತೆಳು ಪ್ಲಾಸ್ಟಿಕ್ ಎರಡನ್ನೂ ಕೊರೆದು ಒಳಹೋಗುತ್ತದೆ. ಒಳಪದರ ಚೆನ್ನಾಗಿರುವ ಮುಚ್ಚಳದ ಗಾಜಿನ ಬಾಟಲಿಯನ್ನು ಕೊರೆಯಲಾರದು. ಹೊಸ ಹಿಟ್ಟನ್ನು ಬಾಟಲಿಗೆ ತುಂಬುವ ಮೊದಲು ಪೊಟ್ಟಣ ಸಮೇತ ಒಂದು ವಾರ ಫ್ರೀಜರಿನಲ್ಲಿಟ್ಟರೆ ಒಳಗೆ ಮೊಟ್ಟೆ ಇದ್ದರೂ ಸಾಯುತ್ತದೆ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೇ ತೆರೆಯಿರಿ, ಇಲ್ಲವಾದರೆ ತೇವ ಕಟ್ಟುತ್ತದೆ.

ಅಡುಗೆಮನೆ ಸಾಕು, ಕೋಣೆಗೆ ಬರೋಣ. ಹನ್ನೆರಡು ಚದರ ಮೀಟರಿನಲ್ಲಿ ನಿಮ್ಮ ಹತ್ತಿರ ಆಗಲೇ ಇರುವ ಅತಿ ದೊಡ್ಡ ಪೆಟ್ಟಿಗೆ ಯಾವುದು? ಊರಿಗೆ ಹೋಗಿ ಬರುವ ಸೂಟ್‌ಕೇಸ್. ಅದನ್ನು ಖಾಲಿ ಇಡುವುದು ಎಂಥ ದಂಡ! ಮಂಚದ ಕೆಳಗೆ ಮಲಗಿಸಿ, ಚಳಿಗಾಲದ ಕೋಟು, ಹೆಚ್ಚಿನ ರಜಾಯಿ ಅದರಲ್ಲಿರಲಿ. ಬೇಸಿಗೆಯಲ್ಲಿ ಊರಿಗೆ ಹೊರಟಾಗ ಕೋಟುಗಳನ್ನು ಮಂಚದ ಮೇಲೆ ಸುರಿದು ಹೋದರಾಯಿತು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಮಡಿಸಿ ಅದೇ ಜೊತೆಯ ಒಂದು ದಿಂಬಿನ ಚೀಲದೊಳಗೆ ತುರುಕಿಡಿ, ಜೊತೆ ತಪ್ಪುವುದಿಲ್ಲ. ಬಾಗಿಲ ಹಿಂದೆ ನೇತುಹಾಕುವ ಚಪ್ಪಲಿ ಚೀಲ ಔಷಧಿ, ಸಾಕ್ಸು, ವೈರು, ಬಾಚಣಿಗೆಗೆ ಚಪ್ಪಲಿಗಿಂತ ಹೆಚ್ಚು ಒಪ್ಪುತ್ತದೆ. ಹಾಲಿನ ರಟ್ಟಿನ ಡಬ್ಬಿಯನ್ನು ತೊಳೆದು ಅಡ್ಡ ಕತ್ತರಿಸಿದರೆ ಡ್ರಾಯರಿನ ಒಳಗೆ ಖಾನೆ ಆಗುತ್ತದೆ.

ಸ್ಟುಟ್‌ಗಾರ್ಟ್ ದ್ರಾಕ್ಷಿ ತೋಟಗಳ ಊರು, ವೈನಿನ ಮರದ ಪೆಟ್ಟಿಗೆ ಸುಲಭವಾಗಿ ಸಿಗುತ್ತದೆ. ಗೀಸು ಕಾಗದದಲ್ಲಿ ಉಜ್ಜಿ, ಒರೆಸಿ ಪುಸ್ತಕ ಜೋಡಿಸಬಹುದು. ಬೀದಿಯಲ್ಲಿ ಬಿಟ್ಟ ಪ್ಯಾಲೆಟ್ ತರುವವರು ಮಾತ್ರ ಅದರ ಮೇಲೆ ಸುಟ್ಟು ಒತ್ತಿದ ಮುದ್ರೆ ನೋಡಿ. ಎಚ್‌ಟಿ ಅಂದರೆ ಬಿಸಿಯಿಂದ ಹುಳು ಕೊಂದದ್ದು, ತೊಂದರೆಯಿಲ್ಲ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು. ಮಲಗುವ ಕೋಣೆಗೆ ಬೇಡ.

ಹುಡುಗಿಯರಿಗೆ ಒಂದು ಮಾತು, ಹುಡುಗರೂ ಕೇಳಿ. ಅಮ್ಮ ಕೊಟ್ಟ ಮೈಸೂರು ರೇಷ್ಮೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಬಿಡಬೇಡಿ. ಅಪ್ಪನ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ಮಡಿಸಿದರೆ ಜರಿ ಅಲ್ಲೇ ಮುರಿಯುತ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಪಕ್ಕದಲ್ಲಿಟ್ಟರೆ ಕಪಾಟು ತೆಗೆದಾಗಲೆಲ್ಲ ಊರಿನ ಮನೆ.

ಎಷ್ಟು ಉಳಿಸಬೇಕು ಅಂತ ಕೇಳುತ್ತೀರಿ. ಅಂದರೆ, ಅಮ್ಮನ ಹಾಗೆ ಕೆಲ್ಲರ್ ತುಂಬಿಕೊಳ್ಳುವುದು ಬೇಡ ಅಂತ ತಾನೇ? ಖಾಲಿ ಬಾಟಲಿಗೆ ಒಂದು ಪೆಟ್ಟಿಗೆ, ಅದು ತುಂಬಿದರೆ ಹೊಸದು ಒಂದು ಬಂದಾಗ ಹಳೆಯದು ಒಂದು ಹೊರಗೆ. ಮುಚ್ಚಳ ಸೇರದ ಬಾಟಲಿ, ಬಾಟಲಿ ಇಲ್ಲದ ಮುಚ್ಚಳ ಅದೇ ದಿನ ಹೊರಗೆ. ಗಾಜಿನ ತೊಟ್ಟಿಗೆ ಭಾನುವಾರ ಮಾತ್ರ ಹೋಗಬೇಡಿ, ನೆರೆಯವರು ಕಿಟಕಿಯಿಂದ ನೋಡುತ್ತಿರುತ್ತಾರೆ. ನಾನು ಈ ನಿಯಮವನ್ನು ಪಾಲಿಸುವುದು ಶುರು ಮಾಡಿದ್ದು ಕಳೆದ ವರ್ಷ. ಮಗಳಿಗೆ ಕಳಿಸಿ ಉಳಿದ ಬಾಟಲಿಗಳನ್ನು "ಬೇಕಾದವರು ಒಯ್ಯಿರಿ" ಅಂತ ಬರೆದು ಮನೆ ಮುಂದಿನ ಗೋಡೆಯ ಮೇಲಿಟ್ಟೆ. ಸಂಜೆಗೆ ಮುಂಚೆ ಖಾಲಿ. ಸ್ಟ್ರಾಬೆರಿ ಕಾಲ, ಜಾಮ್ ಮಾಡುವ ಅಜ್ಜಿಯರು ಇಲ್ಲೂ ಇದ್ದಾರೆ.

ಆ ಪೆಟ್ಟಿಗೆಗಳ ತಳದಲ್ಲಿ ಒಂದು ಬಾಟಲಿ ಸಿಕ್ಕಿತು. ಟೇಪು ಹಳದಿಯಾಗಿದೆ, ಅತ್ತೆಯ ಅಕ್ಷರ: "ಮೆಂತ್ಯದ ಹಿಟ್ಟು". ಕೆಳಗೆ ಆರು ವರ್ಷದ ಮಗುವಿನ ಡೊಂಕು ಅಕ್ಷರದಲ್ಲಿ ಅದೇ ಹೆಸರು ಇನ್ನೊಂದು ಲಿಪಿಯಲ್ಲಿ. ಅತ್ತೆ ತೀರಿಕೊಂಡು ಐದು ವರ್ಷವಾಯಿತು. ಇದನ್ನು ಆಖೆನ್‌ಗೆ ಕಳಿಸಲೋ ಬೇಡವೋ ಅಂತ ಮಗಳನ್ನೇ ಕೇಳಿದೆ. "ಕಳಿಸು, ಆದರೆ ಖಾಲಿ ಕಳಿಸಬೇಡ, ಮೆಂತ್ಯದ ಹಿಟ್ಟು ತುಂಬಿ ಕಳಿಸು" ಅಂದಳು. ಹಾಗೇ ಮಾಡಿದೆ. ತಾರೀಖಿನ ಚೀಟಿ ಮಾತ್ರ ಹೊಸದು ಅಂಟಿಸಿದ್ದೇನೆ.

ನಮ್ಮನೆ ಫ್ರೀಜರಿನಲ್ಲಿ ಈಗಲೂ ಒಂದು ವೆನಿಲ್ಲಾ ಐಸ್‌ಕ್ರೀಮಿನ ಡಬ್ಬಿ ಇದೆ. ಮೇಲೆ ಟೇಪಿನಲ್ಲಿ ಎರಡು ಲಿಪಿಯಲ್ಲಿ ಬರೆದಿದೆ: ತೆಂಗಿನತುರಿ, 14 ಸೆಪ್ಟೆಂಬರ್.